ಬ್ಯಾಂಕ್ ಮುರಿದುಕೊಂಡ ಶುಲ್ಕಕ್ಕೆ ಬಡ್ಡಿ: ಯಾವ ದಿನದಿಂದ, ಯಾವ ದರದಲ್ಲಿ?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಲ್ಲಿ ನನಗೆ ನಾಲ್ಕು ಎಕರೆ ಕಾಫಿ ತೋಟವಿದೆ. ಒಂದೇ ಶಾಖೆಯಲ್ಲಿ ಉಳಿತಾಯ ಖಾತೆಯೂ ತೋಟದ ಮೇಲಿನ ಓವರ್‌ಡ್ರಾಫ್ಟ್ ಸಾಲವೂ ಇವೆ. 2025ರ ಜನವರಿ ಕೊನೆಯಲ್ಲಿ ಮೊದಲ ಬಾರಿಗೆ ಮೂರು ವರ್ಷದ ಖಾತೆಯ ಪಟ್ಟಿ (ಸ್ಟೇಟ್‌ಮೆಂಟ್) ತೆಗೆಸಿ ನೋಡಿದೆ. ಉಳಿತಾಯ ಖಾತೆಯಲ್ಲಿ ಕನಿಷ್ಠ ಮೊತ್ತ ಇಲ್ಲವೆಂದು ಜೂನ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೆ 150 ರೂ. ಶುಲ್ಕ, 27 ರೂ. ಜಿಎಸ್‌ಟಿ ಬರೆದುಕೊಂಡು, ಜನವರಿಯಲ್ಲಿ ಕಾಫಿ ಮಾರಿದ ಹಣ ಬಿದ್ದ ಕೂಡಲೇ ಐದು ತಿಂಗಳದ್ದನ್ನು ಒಟ್ಟಿಗೆ ಮುರಿದುಕೊಂಡಿದ್ದಾರೆ. ಮೂರು ವರ್ಷವೂ ಹೀಗೇ. ಸಾಲದ ಬಡ್ಡಿ ದರ ಶೇ 10. ಆ ಖಾತೆಯಲ್ಲಿ 2022ರ ಏಪ್ರಿಲ್ 1ರಂದು ಜೀವ ವಿಮೆಯ ಪ್ರೀಮಿಯಂ ಎಂದು 8,000 ರೂ. ಹಾಕಿದ್ದಾರೆ. ನಾನು ಕೇಳಿದ ವಿಮೆಯಲ್ಲ. ಇಂಗ್ಲೆಂಡಿನಲ್ಲಿರುವ ಅಕ್ಕನ ಮಗ ‘ಕಾನೂನಿನಂತೆ ಶೇ 8 ಬಡ್ಡಿ ಸೇರಿಸಿ ಕೇಳು ಮಾವ’ ಎನ್ನುತ್ತಾನೆ. ಪಕ್ಕದ ತೋಟದವರು ‘ನಾವು ತಪ್ಪಿದರೆ ಅವರು ಶೇ 24 ಹಾಕುವುದಿಲ್ಲವೇ, ನೀವೂ ತಿಂಗಳಿಗೊಮ್ಮೆ ಚಕ್ರಬಡ್ಡಿ ಹಾಕಿ’ ಎನ್ನುತ್ತಾರೆ. ಮ್ಯಾನೇಜರ್ ಈ ವರ್ಷದ 885 ರೂ. ಮಾತ್ರ ವಾಪಸ್ ಹಾಕುತ್ತೇವೆ, ‘ಇನ್ನು ಯಾವ ತಕರಾರೂ ಇಲ್ಲ’ ಎಂದು ಬರೆದುಕೊಡಿ ಎನ್ನುತ್ತಿದ್ದಾರೆ. ಏಳೆಂಟು ಸಲ ಶಾಖೆಗೆ ಅಲೆದಿದ್ದೇನೆ. ಶುಲ್ಕ ಬರೆದ ತಿಂಗಳಿಂದಲೇ ಬಡ್ಡಿ ಹಾಕಿ ಒಂದು ಲೆಕ್ಕದ ಪಟ್ಟಿ ಮಾಡಿ ಕಳಿಸಿದ್ದೇನೆ. ಬಡ್ಡಿಯನ್ನು ಹೇಗೆ ಲೆಕ್ಕ ಹಾಕಲಿ? ಸಿಟ್ಟಿನಲ್ಲಿ ಸಾಲದ ಕಂತನ್ನೇ ನಿಲ್ಲಿಸಿಬಿಡೋಣ ಎನಿಸುತ್ತಿದೆ.

ಉತ್ತರ: ಮೊದಲಿಗೆ, ಆ ಕಾಗದಕ್ಕೆ ಸಹಿ ಹಾಕಬೇಡಿ. 885 ರೂಪಾಯಿ ಖಾತೆಗೆ ಬಂದರೆ ಬರಲಿ, ಅದನ್ನು ಬೇಡ ಎನ್ನಬೇಕಾಗಿಲ್ಲ. ‘ಉಳಿದ ಬೇಡಿಕೆಗಳನ್ನು ಬಿಟ್ಟುಕೊಡದೆ ಈ ಮೊತ್ತವನ್ನು ಪಡೆದಿದ್ದೇನೆ’ ಎಂದು ಒಂದು ಸಾಲು ಬರೆದುಕೊಡಿ, ಸಾಕು.

ನೀವು ಕೇಳಿರುವುದು ಬಡ್ಡಿಯ ದರವನ್ನು. ಮೂವತ್ತೊಂದು ವರ್ಷ ಸಕಲೇಶಪುರ, ಬೇಲೂರು, ಹಾಸನದ ಶಾಖೆಗಳಲ್ಲಿ ಇಂಥ ಅರ್ಜಿಗಳನ್ನು ಆ ಕಡೆಯ ಕುರ್ಚಿಯಲ್ಲಿ ಕುಳಿತು ಓದಿದವನು ನಾನು. ದರಕ್ಕಿಂತ ಮುಂಚೆ ಎರಡು ಪ್ರಶ್ನೆಗಳಿವೆ: ಹಣ ಹೋದದ್ದು ಯಾವ ಖಾತೆಯಿಂದ, ಹೋದದ್ದು ಯಾವ ದಿನ. ಈ ಎರಡಕ್ಕೂ ಉತ್ತರ ಸಿಕ್ಕರೆ ದರ ತಾನಾಗಿ ಗೊತ್ತಾಗುತ್ತದೆ.

ನಿಮ್ಮ ಸೋದರಳಿಯ ಸುಳ್ಳು ಹೇಳಿಲ್ಲ, ಬೇರೆ ದೇಶದ ಮಾತು ಹೇಳಿದ್ದಾರೆ. ಇಂಗ್ಲೆಂಡಿನಲ್ಲಿ 1984ರ ಕೌಂಟಿ ಕೋರ್ಟ್ಸ್ ಕಾಯ್ದೆಯ 69ನೇ ಕಲಮಿನಡಿ ನ್ಯಾಯಾಲಯ ಬಡ್ಡಿ ಕೊಡಿಸಬಹುದು. ಅಲ್ಲಿ ಶುಲ್ಕ ವಾಪಸ್ ಕೇಳುವವರು ರೂಢಿಯಾಗಿ ಹಾಕುವ ದರ ಶೇ 8. ಅದೂ ಸರಳ ಬಡ್ಡಿ, ಅದೂ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಅಲ್ಲಿ ಲಕ್ಷಾಂತರ ಜನ ಹೀಗೆ ಅರ್ಜಿ ಹಾಕಿದ ಕಾಲವೊಂದಿತ್ತು. ಅನುಮತಿಯಿಲ್ಲದ ಓವರ್‌ಡ್ರಾಫ್ಟ್‌ನ ಶುಲ್ಕ ನ್ಯಾಯವೇ ಎಂದು ಅಲ್ಲಿನ ವ್ಯಾಪಾರ ನಿಯಂತ್ರಕರು ಸೇವೆಗೆ ತಕ್ಕ ಬೆಲೆಯೇ ಎಂಬ ಲೆಕ್ಕದಲ್ಲಿ ಅಳೆಯಲು ಬರುವುದಿಲ್ಲವೆಂದು 2009ರ ನವೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಆ ಅಲೆ ಇಳಿಯಿತು. ಶೇ 8ರ ಮಾದರಿ ಪತ್ರಗಳು ಮಾತ್ರ ಇಂದಿಗೂ ಅಂತರ್ಜಾಲದಲ್ಲಿ ತಿರುಗುತ್ತಲೇ ಇವೆ. ಮೂಡಿಗೆರೆಯ ಶಾಖೆಗೆ ಅದು ಅನ್ವಯಿಸುವುದಿಲ್ಲ.

ಪಕ್ಕದ ತೋಟದವರ ವಾದ ಕೇಳಲು ಹಿತವಾಗಿದೆ, ಸೇಡಿನ ರುಚಿಯಿದೆ. ಆದರೆ ಬ್ಯಾಂಕ್ ನಿಮ್ಮಿಂದ ದಂಡ ವಸೂಲು ಮಾಡುವುದು ನೀವು ಸಹಿ ಹಾಕಿದ ಕರಾರಿನ ಬಲದಿಂದ. ಅಂಥ ಕರಾರನ್ನು ಬ್ಯಾಂಕ್ ನಿಮಗೆ ಬರೆದುಕೊಟ್ಟಿಲ್ಲ. 8,000 ರೂಪಾಯಿಗೆ ಶೇ 24ರಂತೆ ತಿಂಗಳ ಚಕ್ರಬಡ್ಡಿ ಮೂರು ವರ್ಷ ಹಾಕಿದರೆ ಬಡ್ಡಿಯೇ 8,319 ರೂ. ಆಗುತ್ತದೆ, ಅಸಲಿಗಿಂತ ಹೆಚ್ಚು. ಅಂಥ ಪಟ್ಟಿ ಮೇಜಿಗೆ ಬಂದರೆ ಅಧಿಕಾರಿ ಮಾಡುವ ಮೊದಲ ಕೆಲಸ ಅದನ್ನು ಕಾನೂನು ವಿಭಾಗಕ್ಕೆ ಕಳಿಸಿ ಕೈ ತೊಳೆದುಕೊಳ್ಳುವುದು. ನಾನೂ ಹಾಗೆ ಕಳಿಸಿದ್ದೇನೆ, ಮುಚ್ಚಿಡುವುದೇಕೆ.

ಇನ್ನೊಂದು ಮಾತು ಈಗ ಎಲ್ಲೆಡೆ ಕೇಳುತ್ತಿದೆ. 2025ರಲ್ಲಿ ಕೆನರಾ ಬ್ಯಾಂಕ್ ಸೇರಿದಂತೆ ಹಲವು ಸರ್ಕಾರಿ ಬ್ಯಾಂಕುಗಳು ಕನಿಷ್ಠ ಮೊತ್ತದ ದಂಡವನ್ನು ಕೈಬಿಟ್ಟವು, ಆದ್ದರಿಂದ ಹಿಂದೆ ಹಾಕಿದ್ದೆಲ್ಲ ಅಕ್ರಮ ಎಂದು. ಹಾಗಲ್ಲ. ಕೈಬಿಟ್ಟದ್ದು ಮುಂದಿನದಕ್ಕೆ. ಹಿಂದಿನ ಶುಲ್ಕ ಸರಿಯೋ ತಪ್ಪೋ ಎಂಬುದನ್ನು ಆ ದಿನದ ನಿಯಮದಿಂದಲೇ ಅಳೆಯಬೇಕು.

ಆ ನಿಯಮ ಯಾವುದು? 2014ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿ 2015ರ ಏಪ್ರಿಲ್ 1ರಿಂದ ಜಾರಿಗೆ ತಂದ ಸುತ್ತೋಲೆ. ಖಾತೆಯ ಮೊತ್ತ ಕಡಿಮೆಯಾದರೆ ಎಸ್‌ಎಂಎಸ್, ಇ-ಮೇಲ್ ಅಥವಾ ಪತ್ರದ ಮೂಲಕ ಗ್ರಾಹಕನಿಗೆ ತಿಳಿಸಬೇಕು. ಸರಿಪಡಿಸಿಕೊಳ್ಳಲು ಒಂದು ತಿಂಗಳಿಗಿಂತ ಕಡಿಮೆಯಿಲ್ಲದ ಕಾಲಾವಕಾಶ ಕೊಡಬೇಕು. ದಂಡ ಕೊರತೆಯ ಪ್ರಮಾಣಕ್ಕೆ ತಕ್ಕಂತಿರಬೇಕು. ದಂಡದ ಕಾರಣದಿಂದಲೇ ಉಳಿತಾಯ ಖಾತೆ ಮೈನಸ್‌ಗೆ ಇಳಿಯಬಾರದು. ನಿಮ್ಮ ಖಾತೆಯನ್ನು ಮೈನಸ್‌ಗೆ ಇಳಿಸಿಲ್ಲ. ಬಾಕಿ ಎಂದು ಬರೆದಿಟ್ಟುಕೊಂಡು, ಬೆಳೆಯ ಹಣ ಬಂದಾಗ ಮುರಿದುಕೊಂಡಿದ್ದಾರೆ. ಇದು ನಿಯಮದ ಅಕ್ಷರವನ್ನು ಉಳಿಸಿ ಆಶಯವನ್ನು ತುಳಿಯುವ ರೀತಿ ಎಂದು ನನ್ನ ಅಭಿಪ್ರಾಯ. ಆದರೆ ಇದೊಂದರಿಂದಲೇ ಗೆಲ್ಲುತ್ತೀರಿ ಎಂದು ಹೇಳಲಾರೆ. ನಿಮ್ಮ ಬಲ ಇರುವುದು ನೋಟಿಸಿನಲ್ಲಿ. ಪ್ರತಿ ವರ್ಷದ ಮೊದಲ ದಂಡಕ್ಕೆ ಮುಂಚೆ ಯಾವ ದಿನ, ಯಾವ ನಂಬರಿಗೆ ಎಸ್‌ಎಂಎಸ್ ಹೋಗಿದೆ ಎಂಬ ದಾಖಲೆ ಕೇಳಿ. ಹಳೆಯ ಸಿಮ್ ಬದಲಿಸಿ ನೀವೇ ಬ್ಯಾಂಕಿಗೆ ತಿಳಿಸಿರದಿದ್ದರೆ ಮಾತ್ರ ಈ ವಾದ ಸೊರಗುತ್ತದೆ.

ಪ್ರೀಮಿಯಂ ವಿಷಯವೇ ಬೇರೆ. ಅದು ಒಪ್ಪಿಗೆಯ ಪ್ರಶ್ನೆ. ನೀವು ಸಹಿ ಹಾಕಿದ ವಿಮೆಯ ಅರ್ಜಿಯ ನಕಲು ಕೊಡಿ ಎಂದು ಕೇಳಿ. ಸಾಲದ ಕಾಗದಗಳ ಕಟ್ಟು ಹೇಗಿರುತ್ತದೆಂದು ನಿಮಗೆ ನೆನಪಿರಬಹುದು: ಪ್ರತಿ ಹಾಳೆಯ ಬುಡದಲ್ಲಿ ಪೆನ್ಸಿಲಿನಿಂದ ಸಣ್ಣ ಗುಣಿಸು ಚಿಹ್ನೆ, ಗುಮಾಸ್ತ ಹಾಳೆ ತಿರುವುತ್ತಾ ಹೋಗುತ್ತಾನೆ, ಗ್ರಾಹಕ ಆ ಚಿಹ್ನೆಯ ಪಕ್ಕ ಸಹಿ ಹಾಕುತ್ತಾ ಹೋಗುತ್ತಾನೆ. ಆ ಕಟ್ಟಿನ ನಡುವೆ ವಿಮೆಯ ಅರ್ಜಿಯೂ ಸೇರಿಕೊಂಡಿರುವ ಸಾಧ್ಯತೆ ಇದೆ. ಸಹಿ ಇದ್ದರೆ ದಾರಿ ಕಷ್ಟ. ‘ಮೂರು ವರ್ಷ ನಿಮಗೆ ರಕ್ಷಣೆ ಇತ್ತಲ್ಲ’ ಎಂದೂ ಹೇಳುತ್ತಾರೆ. ಸಹಿ ಇಲ್ಲದಿದ್ದರೆ, ಅಥವಾ ನಕಲನ್ನೇ ಕೊಡದಿದ್ದರೆ, ನಿಮ್ಮ ಕೈ ಮೇಲು.

ಈಗ ಲೆಕ್ಕಕ್ಕೆ ಬರೋಣ. ಸುಲಭವಾಗಲೆಂದು 2025ರ ಮಾರ್ಚ್ 31ರವರೆಗೆ ಹಾಕಿ ತೋರಿಸುತ್ತೇನೆ.

ನಾನು ಗುಮಾಸ್ತನಾಗಿ ಸೇರಿದಾಗ ಇದನ್ನೆಲ್ಲ ಕೈಯಲ್ಲೇ ಮಾಡುತ್ತಿದ್ದೆವು. ಸಕಲೇಶಪುರದ ಮಳೆಗೆ ಲೆಡ್ಜರ್‌ಗಳು ಉಬ್ಬಿ, ಹಾಳೆ ತಿರುವಿದರೆ ಹಸಿ ರಟ್ಟಿನ ವಾಸನೆ. ಜೂನ್ ಕೊನೆಯ ವಾರ ಬಡ್ಡಿ ಹಾಕುವ ಕೆಲಸ ರಾತ್ರಿಯವರೆಗೆ ನಡೆಯುತ್ತಿತ್ತು. ಲೆಡ್ಜರಿನ ಒಂದು ಅಂಕಣಕ್ಕೆ ‘ಪ್ರಾಡಕ್ಟ್’ ಎಂಬ ಹೆಸರು. ಇಷ್ಟು ರೂಪಾಯಿ ಇಷ್ಟು ಕಾಲ ಇತ್ತು ಎಂಬುದನ್ನು ಗುಣಿಸಿ ಬರೆಯುವುದು, ಕೊನೆಗೆ ಎಲ್ಲವನ್ನೂ ಕೂಡಿ ಒಂದೇ ಸಲ ದರ ಹಾಕುವುದು. ನಿಮ್ಮ ಶುಲ್ಕಕ್ಕೂ ಇದೇ ಸಾಕು, ಕಂಪ್ಯೂಟರ್ ಬೇಡ.

ತಿಂಗಳಿಗೆ 177 ರೂ., ವರ್ಷಕ್ಕೆ ಐದು ತಿಂಗಳು, ಅಂದರೆ 885 ರೂ. ಮೂರು ವರ್ಷಕ್ಕೆ 2,655 ರೂ. ಇದರಲ್ಲಿ ಜಿಎಸ್‌ಟಿ ಸೇರಿದೆ ಎಂಬುದನ್ನು ಗಮನಿಸಿ. ಬಹಳ ಜನ 150ರ ಲೆಕ್ಕ ಮಾತ್ರ ಹಾಕಿ ಮೇಲಿನ 27 ರೂಪಾಯಿಯನ್ನು ಬಿಟ್ಟುಬಿಡುತ್ತಾರೆ. ಶುಲ್ಕ ತಪ್ಪಾದರೆ ಅದರ ಮೇಲಿನ ತೆರಿಗೆಯೂ ಹಿಂದಕ್ಕೆ ಬರಬೇಕು.

ನೀವು ಕಳಿಸಿದ ಲೆಕ್ಕದ ಪಟ್ಟಿಯಲ್ಲಿ ಒಂದು ತಪ್ಪಿದೆ. ಶುಲ್ಕ ಬರೆದ ತಿಂಗಳಿಂದ, ಅಂದರೆ ಜೂನ್‌ನಿಂದಲೇ ಬಡ್ಡಿ ಹಾಕಿದ್ದೀರಿ. ಆದರೆ ಜೂನ್‌ನಲ್ಲಿ ಖಾತೆಯಿಂದ ಹಣ ಹೋಗಲಿಲ್ಲ, ಹೋಗಲು ಅಲ್ಲಿ ಇರಲೇ ಇಲ್ಲ. ಹೋದದ್ದು ಕಾಫಿ ಮಾರಿದ ಮೇಲೆ, ಜನವರಿ ಕೊನೆಯಲ್ಲಿ. ಬಡ್ಡಿ ಓಡುವುದು ಹಣ ಕೈಬಿಟ್ಟ ದಿನದಿಂದ. 2023ರ ಜನವರಿಯ 885 ರೂ. 26 ತಿಂಗಳು, 2024ರದ್ದು 14 ತಿಂಗಳು, 2025ರದ್ದು 2 ತಿಂಗಳು ಬ್ಯಾಂಕಿನ ಬಳಿ ಇದ್ದಂತಾಯಿತು. ಒಟ್ಟು 42 ತಿಂಗಳು. 885 ಗುಣಿಸು 42 ಎಂದರೆ 37,170. ಇದೇ ನಿಮ್ಮ ಪ್ರಾಡಕ್ಟ್. ಈ ಹಣ ಖಾತೆಯಲ್ಲೇ ಇದ್ದಿದ್ದರೆ ಉಳಿತಾಯದ ಬಡ್ಡಿ ಬರುತ್ತಿತ್ತು. ಅದನ್ನು ಶೇ 3 ಎಂದಿಟ್ಟುಕೊಳ್ಳೋಣ. 37,170ನ್ನು 3ರಿಂದ ಗುಣಿಸಿ 1,200ರಿಂದ (12 ತಿಂಗಳು ಗುಣಿಸು 100) ಭಾಗಿಸಿದರೆ 92 ರೂ. 93 ಪೈಸೆ.

ಹೌದು, ತೊಂಬತ್ತಮೂರು ರೂಪಾಯಿ. ಬೇಸರವಾಗುತ್ತದೆ, ಗೊತ್ತು. ಶೇ 8 ಹಾಕಿದರೂ 248 ರೂ. ಅಷ್ಟೇ. ಉಳಿತಾಯ ಖಾತೆಯ ಬಡ್ಡಿಗಾಗಿ ಜಗಳ ತೆಗೆದರೆ ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಹೋಗಿಬರುವ ಬಸ್ ಚಾರ್ಜಿಗೇ ಅದು ಸರಿಹೋಗುತ್ತದೆ. ಇಲ್ಲಿ ಅಸಲನ್ನು ಹಿಡಿಯಿರಿ.

ಸಾಲದ ಖಾತೆಯ ಕಥೆ ಹಾಗಲ್ಲ. ಆ 8,000 ರೂಪಾಯಿ ನಿಮ್ಮ ಸಾಲವನ್ನು ಅಷ್ಟು ಏರಿಸಿತು, ಏರಿದ ಸಾಲಕ್ಕೆ ಬ್ಯಾಂಕ್ ದಿನದಿನವೂ ಬಡ್ಡಿ ಹಾಕಿತು. ನಿಮ್ಮ ಸಾಲದ ದರ ಶೇ 10 ಎಂದು ಬರೆದಿದ್ದೀರಿ. ಮೂರು ವರ್ಷಕ್ಕೆ ಸರಳವಾಗಿ 2,400 ರೂ. ಮಾರ್ಚ್‌ನಲ್ಲಿ ಹಾಕಿದ ಬಡ್ಡಿಯನ್ನು ನೀವು ಕಟ್ಟದೆ ಅದು ಅಸಲಿಗೆ ಸೇರಿಕೊಂಡು ಮುಂದೆ ಹೋಗಿದ್ದರೆ 8,000 ರೂ. 8,800 ಆಗಿ, 9,680 ಆಗಿ, ಕೊನೆಗೆ 10,648 ಆಗುತ್ತದೆ, ಅಂದರೆ 2,648 ರೂ. ಬಡ್ಡಿ. ತಿಂಗಳಿಗೊಮ್ಮೆ ಚಕ್ರಬಡ್ಡಿ ಇಲ್ಲಿ ಹಾಕಬೇಡಿ. ಕೃಷಿ ಸಾಲಕ್ಕೆ ತಿಂಗಳ ಚಕ್ರಬಡ್ಡಿ ಅನ್ವಯಿಸದು, ಬಡ್ಡಿಯ ಕಾಲ ಬೆಳೆಯ ಹಂಗಾಮಿಗೆ ಹೊಂದಿಕೊಂಡಿರಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಬ್ಯಾಂಕೇ ನಿಮಗೆ ತಿಂಗಳ ಚಕ್ರಬಡ್ಡಿ ಹಾಕಿದ್ದರೆ ಅದು ಇನ್ನೊಂದು ತಕರಾರಾಗುತ್ತದೆ, ಪಟ್ಟಿಯಲ್ಲಿ ಅದನ್ನೂ ನೋಡಿಕೊಳ್ಳಿ. ಹಾಗೆಯೇ ಕೊಯ್ಲಿನ ಹಣ ಬಂದು ಸಾಲ ಪೂರ್ತಿ ತೀರಿ ಖಾತೆ ಸೊನ್ನೆಯಲ್ಲಿದ್ದ ದಿನಗಳಿದ್ದರೆ, ಆ ದಿನಗಳಿಗೆ ಸಾಲದ ದರ ಕೇಳಲು ಬರುವುದಿಲ್ಲ.

ನಿಮ್ಮ ಸೋದರಳಿಯನ ಶೇ 8ನ್ನು ಈ 8,000ಕ್ಕೆ ಹಾಕಿ ನೋಡಿ: 1,920 ರೂ. ಅಂದರೆ ಒಂದು ಖಾತೆಯಲ್ಲಿ ಸಿಗದಷ್ಟನ್ನು ಕೇಳಿ, ಇನ್ನೊಂದರಲ್ಲಿ ಸಿಗಬೇಕಾದದ್ದನ್ನು ನೀವೇ ಬಿಟ್ಟುಕೊಟ್ಟಂತೆ. ಎರಡು ಖಾತೆಗೂ ಒಂದೇ ದರ ಹಾಕುವವರಿಗೆಲ್ಲ ಆಗುವುದು ಇದೇ.

ಹಾಗಾಗಿ ನನ್ನ ಸಲಹೆ ನಿಮಗೆ ವಿಚಿತ್ರವೆನಿಸಬಹುದು. ಬ್ಯಾಂಕಿಗೆ ಬರೆಯುವ ಪತ್ರದಲ್ಲಿ ‘ಇಷ್ಟು ಬಡ್ಡಿ ಕೊಡಿ’ ಎಂದು ಶುರು ಮಾಡಬೇಡಿ. ‘ಕಡಿತವಾದ ದಿನಾಂಕವನ್ನೇ ವ್ಯಾಲ್ಯೂ ಡೇಟ್ ಆಗಿ ಇಟ್ಟು ಮೊತ್ತವನ್ನು ಹಿಂದಿರುಗಿಸಿ’ ಎಂದು ಕೇಳಿ. ವ್ಯಾಲ್ಯೂ ಡೇಟ್ ಎಂದರೆ ಬಡ್ಡಿಯ ಲೆಕ್ಕಕ್ಕೆ ಹಿಡಿಯುವ ದಿನಾಂಕ. ಬ್ಯಾಂಕಿನವರಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಇಂದು ಜಮೆ ಮಾಡಿದರೂ 2022ರ ಏಪ್ರಿಲ್ 1ರಂದೇ ಜಮೆಯಾದಂತೆ ನಮೂದಿಸಿದರೆ ಅಂದಿನಿಂದ ಬಡ್ಡಿಯನ್ನು ಮರುಲೆಕ್ಕ ಹಾಕಿಬಿಡಬಹುದು. ದರದ ಚರ್ಚೆಯೇ ಏಳುವುದಿಲ್ಲ. ತಪ್ಪಾಗಿ ಕಡಿತವಾದ ಮೊತ್ತವನ್ನು ಹೀಗೆ ಸರಿಪಡಿಸುವ ಮಾತು ಸಾಮಾನ್ಯವಾಗಿ ಪ್ರತಿ ಬ್ಯಾಂಕಿನ ಪರಿಹಾರ ನೀತಿಯಲ್ಲಿ ಇರುತ್ತದೆ. ಆ ನೀತಿ ಬ್ಯಾಂಕಿನ ಜಾಲತಾಣದಲ್ಲಿದೆ, ಆ ಪುಟವನ್ನು ಮುದ್ರಿಸಿ ಪತ್ರಕ್ಕೆ ಲಗತ್ತಿಸಿ.

ಒಮ್ಮೆ ಅರಸೀಕೆರೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಅರ್ಧ ಪುಟದ ಪತ್ರ ತಂದಿದ್ದರು. ನಾಲ್ಕು ದಿನಾಂಕ, ನಾಲ್ಕು ಮೊತ್ತ, ಕೊನೆಯಲ್ಲಿ ಈ ಒಂದೇ ಕೋರಿಕೆ. ಮರುದಿನ ಮಧ್ಯಾಹ್ನದೊಳಗೆ ಜಮೆಯಾಯಿತು. ಅದೇ ತಿಂಗಳು ಇನ್ನೊಬ್ಬರು ಹದಿನಾಲ್ಕು ಪುಟದ ಚಕ್ರಬಡ್ಡಿ ಕೋಷ್ಟಕ, ಮಾನಸಿಕ ಹಿಂಸೆಗೆ ಎರಡು ಲಕ್ಷ, ಪತ್ರಿಕೆಗೆ ಕೊಡುತ್ತೇನೆಂಬ ಎಚ್ಚರಿಕೆ ಎಲ್ಲವನ್ನೂ ತಂದಿದ್ದರು. ನಾನು ಆ ಶಾಖೆಯಿಂದ ವರ್ಗವಾಗುವವರೆಗೂ ಅದು ಇತ್ಯರ್ಥವಾಗಿರಲಿಲ್ಲ. ಅವರ ಬೇಡಿಕೆಯ ತಿರುಳು ನ್ಯಾಯವಾದದ್ದೇ ಆಗಿತ್ತು.

ಪತ್ರದಲ್ಲಿ ಬಡ್ಡಿ ಎಂಬ ಪದ ಬೇಡವೇ? ಬೇಕು, ಕೊನೆಯ ಸಾಲಿನಲ್ಲಿ. ನೀವು ಏಳೆಂಟು ಸಲ ಶಾಖೆಗೆ ಹೋಗಿ ಬಾಯಲ್ಲಿ ಹೇಳಿದ್ದೀರಿ, ಒಂದು ಚೀಟಿಯನ್ನೂ ಕೊಟ್ಟಿಲ್ಲ. 1978ರ ಬಡ್ಡಿ ಕಾಯ್ದೆಯಂತೆ, ಪಾವತಿಯ ದಿನವನ್ನು ಲಿಖಿತ ಕರಾರು ಗೊತ್ತುಮಾಡಿರದ ಬಾಕಿಗೆ, ಬಡ್ಡಿ ಕೇಳುತ್ತೇನೆಂದು ಬರೆದು ಕೊಟ್ಟ ನೋಟಿಸಿನಲ್ಲಿ ಹೇಳಿದ ದಿನದಿಂದ ನ್ಯಾಯಾಲಯ ಬಡ್ಡಿ ಕೊಡಿಸಬಹುದು. ಕೊಡಿಸಲೇಬೇಕೆಂದಿಲ್ಲ, ಕೊಡಿಸಬಹುದು. ದರಕ್ಕೂ ಮಿತಿಯಿದೆ: ಉಳಿತಾಯ ಖಾತೆಯನ್ನು ಬಿಟ್ಟು ಉಳಿದ ಠೇವಣಿಗಳಿಗೆ ಶೆಡ್ಯೂಲ್ಡ್ ಬ್ಯಾಂಕುಗಳು (ರಿಸರ್ವ್ ಬ್ಯಾಂಕ್ ಕಾಯ್ದೆಯ ಪಟ್ಟಿಯಲ್ಲಿರುವವು) ಕೊಡುವ ಗರಿಷ್ಠ ದರವನ್ನು ಮೀರುವಂತಿಲ್ಲ. ಬಡ್ಡಿಯ ಮೇಲೆ ಬಡ್ಡಿಯನ್ನು ಆ ಕಾಯ್ದೆಯಡಿ ಕೊಡಿಸಲು ಬರುವುದಿಲ್ಲ. ಆದ್ದರಿಂದ ‘ವ್ಯಾಲ್ಯೂ ಡೇಟ್‌ನಂತೆ ಹಿಂದಿರುಗಿಸದಿದ್ದಲ್ಲಿ ಈ ಪತ್ರದ ದಿನಾಂಕದಿಂದ ಬಡ್ಡಿಯನ್ನೂ ಕೋರುತ್ತೇನೆ’ ಎಂಬ ವಾಕ್ಯ ಸೇರಿಸಿ, ನಕಲಿನ ಮೇಲೆ ಶಾಖೆಯ ಮೊಹರು ಹಾಕಿಸಿಕೊಳ್ಳಿ. ಮೊಹರು ಹಾಕಲು ಹಿಂದೇಟು ಹಾಕಿದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.

ಮೂವತ್ತು ದಿನ ಕಾಯಿರಿ. ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿಯಾದ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ರಿಸರ್ವ್ ಬ್ಯಾಂಕಿನ ದೂರು ಸಲ್ಲಿಕೆಯ ಸಿಎಂಎಸ್ ಜಾಲತಾಣದಲ್ಲಿ ಸಲ್ಲಿಸಬಹುದು, 14448ಕ್ಕೆ ಕರೆ ಮಾಡಿ ವಿವರ ಕೇಳಬಹುದು. ಬ್ಯಾಂಕಿಗೆ ಬರೆದು ಕೊಡದೆ ನೇರವಾಗಿ ಅಲ್ಲಿಗೆ ಹೋದರೆ ದೂರು ತಿರಸ್ಕೃತವಾಗುತ್ತದೆ, ಬಹುಪಾಲು ಜನ ಎಡವುವುದು ಅಲ್ಲೇ. ದೂರು ಕೊಡಲು ಕಾಲಮಿತಿಯೂ ಇದೆ, ಪತ್ರ ಕೊಟ್ಟು ಮರೆತುಬಿಡಬೇಡಿ. ನಿಮ್ಮ ಪ್ರಕರಣಕ್ಕೆ ಸರಿಯಾದ ಜಾಗ ಇದೇ ಎಂದು ನನಗನ್ನಿಸುತ್ತದೆ.

ಜಿಲ್ಲಾ ಗ್ರಾಹಕ ಆಯೋಗ ಚಿಕ್ಕಮಗಳೂರಿನಲ್ಲೂ ಇದೆ. ಐದು ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕವಿಲ್ಲ, ಆಯೋಗ ಬಡ್ಡಿಯನ್ನೂ ವೆಚ್ಚವನ್ನೂ ಕೊಡಿಸಬಹುದು. ಆದರೆ ದಿನಾಂಕಗಳ ಮೇಲೆ ದಿನಾಂಕ ಬೀಳುತ್ತವೆ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಹೋಗಬೇಕೆಂಬ ನಿಯಮವಿದೆ. ನಿಮ್ಮ 2022ರ ಪ್ರೀಮಿಯಂ ಅದನ್ನು ದಾಟಿದೆ. ಪಟ್ಟಿ ತೆಗೆಸಿದಾಗಲೇ ತಿಳಿಯಿತು, ತಡವನ್ನು ಮನ್ನಿಸಿ ಎಂದು ಕೇಳಿಕೊಳ್ಳಬಹುದು. ಪಾಸ್‌ಬುಕ್ ನಿಮ್ಮ ಕೈಯಲ್ಲೇ ಇತ್ತಲ್ಲ ಎಂದು ಬ್ಯಾಂಕ್ ಹೇಳುತ್ತದೆ. ಸಿವಿಲ್ ದಾವೆಗೆ ಮೂರು ವರ್ಷದ ಮಿತಿ, ಅಲ್ಲೂ ಇದೇ ಎಳೆದಾಟ. ಹದಿಮೂರು ಸಾವಿರ ರೂಪಾಯಿಯ ವಿಷಯಕ್ಕೆ ದಾವೆ ಬೇಡ.

ಈ ಸಿಟ್ಟಿನಲ್ಲಿ ಸಾಲದ ಕಂತು ನಿಲ್ಲಿಸುವ ಯೋಚನೆಯಿದೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ದಯವಿಟ್ಟು ಬೇಡ. ಕಂತು ತಪ್ಪಿದರೆ ಸುಸ್ತಿದಾರ ಎಂಬ ಹಣೆಪಟ್ಟಿ ನಿಮಗೆ ಬೀಳುತ್ತದೆ, ದೂರಿನ ಬಲವೂ ಹೋಗುತ್ತದೆ. ಮುಂದಿನ ವರ್ಷ ಹೂಮಳೆ ಕೈಕೊಟ್ಟು ಸ್ಪ್ರಿಂಕ್ಲರ್‌ಗೆ ಸಾಲ ಬೇಕಾದಾಗ ಇದೇ ಶಾಖೆಯ ಬಾಗಿಲಿಗೆ ಹೋಗಬೇಕು.

ಕೊನೆಗೆ, ಹಣ ವಾಪಸ್ ಬಂತೆಂದು ಎಸ್‌ಎಂಎಸ್ ಬಂದ ದಿನವೇ ಹೊಸ ಪಟ್ಟಿ ತೆಗೆಸಿ. ಅದರಲ್ಲಿ ಎರಡು ದಿನಾಂಕದ ಅಂಕಣಗಳಿರುತ್ತವೆ, ಒಂದು ನಮೂದಿಸಿದ ದಿನ, ಇನ್ನೊಂದು ವ್ಯಾಲ್ಯೂ ಡೇಟ್. ಎರಡರಲ್ಲೂ ಇಂದಿನ ದಿನಾಂಕವೇ ಇದ್ದು, ಬಡ್ಡಿ ಎಂದು ಬೇರೆ ಜಮೆಯೂ ಕಾಣದಿದ್ದರೆ, ನಿಮಗೆ ಅಸಲು ಮಾತ್ರ ಬಂದಿದೆ. ಆ ಪಟ್ಟಿಯನ್ನೇ ಹಿಡಿದು ಮರಳಿ ಕೌಂಟರಿಗೆ ಹೋಗಿ.